ಸಮುದ್ರದ ಬಿಸಿ ನೋಡಿ ಮೀನಿನ ಮರಿಗಳ ಲೆಕ್ಕ ಹಾಕುವುದು ಹೇಗೆ

ಸಮುದ್ರ ಬಿಸಿಯಾದರೆ ಮೀನು ಕಡಿಮೆಯಾಗುತ್ತದೆ. ಈ ಮಾತು ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಆದರೆ ನಿಜ ಅರ್ಧ ಮಾತ್ರ. ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಚ್ಚಗಿನ ವರ್ಷ ಬಂದರೆ ಕಾಡ್ ಮೀನಿನ ಮರಿಗಳು ಜಾಸ್ತಿ ಉಳಿಯುತ್ತವೆ. ಅದೇ ಕಾಡ್ ಮೀನಿಗೆ ನಾರ್ತ್ ಸೀಯಲ್ಲಿ ಬೆಚ್ಚಗಿನ ವರ್ಷ ಅಂದರೆ ಮರಿಗಳಿಗೆ ಕಷ್ಟಕಾಲ. ಮೊದಲನೆಯದು ಆ ಜಾತಿ ಬದುಕುವ ಪ್ರದೇಶದ ತಣ್ಣನೆಯ ಅಂಚು, ಎರಡನೆಯದು ಬಿಸಿ ಅಂಚಿನ ಕಡೆಗಿದೆ. ಹಾಗಾಗಿ ನಿಮ್ಮ ಹತ್ತಿರ ಒಂದು ಮೀನಿನ ಮೂವತ್ತು ನಲವತ್ತು ವರ್ಷಗಳ ಅಂಕಿ ಇದ್ದು, ಅದಕ್ಕೂ ನೀರಿನ ತಾಪಮಾನಕ್ಕೂ ಸಂಬಂಧ ಇದೆಯಾ, ಇದ್ದರೆ ಎಷ್ಟು ಹಿಡಿಯಬಹುದು ಅನ್ನುವ ತೀರ್ಮಾನದಲ್ಲಿ ಅದನ್ನು ಬಳಸಬಹುದಾ ಅಂತ ನೋಡಬೇಕೆಂದಿದ್ದರೆ, ಆ ಕೆಲಸ ಎಲ್ಲಿಂದ ಶುರುವಾಗಬೇಕು, ಎಲ್ಲಿ ಕಾಲು ಜಾರುತ್ತದೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು.

ಗ್ರಾಫ್ ಎಳೆಯುವ ಮೊದಲು

ರಿಕ್ರೂಟ್‌ಮೆಂಟ್ ಅಂದರೆ ಮೊಟ್ಟೆಯಿಂದ ಹೊರಬಂದು, ಬದುಕುಳಿದು, ಲೆಕ್ಕಕ್ಕೆ ಸಿಗುವ ವಯಸ್ಸಿಗೆ ಬೆಳೆದು, ಆ ವರ್ಷ ಸ್ಟಾಕಿಗೆ (ಅಂದರೆ ಒಂದು ಪ್ರದೇಶದಲ್ಲಿರುವ ಒಂದು ಜಾತಿಯ ಮೀನುಗಳ ಒಟ್ಟು ಗುಂಪಿಗೆ) ಹೊಸದಾಗಿ ಸೇರುವ ಮೀನುಗಳ ಸಂಖ್ಯೆ. ಒಂದು ದೊಡ್ಡ ಹೆಣ್ಣು ಕಾಡ್ ಒಂದು ಹಂಗಾಮಿನಲ್ಲಿ ದಶಲಕ್ಷಗಟ್ಟಲೆ ಮೊಟ್ಟೆ ಇಡಬಲ್ಲದು. ಉಳಿಯುವುದು ಬೆರಳೆಣಿಕೆಯಷ್ಟು. ಹತ್ತು ಲಕ್ಷಕ್ಕೆ ಒಂದು ಉಳಿಯುವ ಕಡೆ ಎರಡು ಉಳಿದರೆ ಆ ವರ್ಷದ ರಿಕ್ರೂಟ್‌ಮೆಂಟ್ ಎರಡು ಪಟ್ಟು. ತಾಯಿಮೀನುಗಳ ಸಂಖ್ಯೆ ಒಂಚೂರೂ ಬದಲಾಗಿರುವುದಿಲ್ಲ. ತಾಪಮಾನದ ಆಟ ನಡೆಯುವುದು ಈ ಸಣ್ಣ ಅಂತರದಲ್ಲೇ.

ನಾರ್ವೆಯ ಯೊಹಾನ್ ಯೋರ್ಟ್ 1914ರಲ್ಲೇ ಇದರ ಬುಡಕ್ಕೆ ಕೈ ಹಾಕಿದ್ದರು. ಮೊಟ್ಟೆ ಒಡೆದ ಮರಿಗೆ ಹೊಟ್ಟೆಗೆ ಅಂಟಿದ ಹಳದಿ ಚೀಲವೇ ಮೊದಲ ಕೆಲವು ದಿನಗಳ ಬುತ್ತಿ. ಅದು ಮುಗಿದು ಮರಿ ತಾನೇ ತಿನ್ನಲು ಶುರುಮಾಡುವ ಹೊತ್ತಿಗೆ ಸುತ್ತ ಆಹಾರ ಇಲ್ಲದಿದ್ದರೆ, ಅಥವಾ ಪ್ರವಾಹ ಅದನ್ನು ಬೇಡದ ಕಡೆಗೆ ಎಳೆದೊಯ್ದರೆ, ಆ ವರ್ಷದ ಸಂತತಿ ಕೈತಪ್ಪಿತು ಅಂತ ಅವರ ವಾದ. ಬ್ರಿಟನ್ನಿನ ಡೇವಿಡ್ ಕುಶಿಂಗ್ ಮುಂದೆ ಇದನ್ನು ಸಮಯದ ಹೊಂದಾಣಿಕೆಯ ಪ್ರಶ್ನೆಯಾಗಿ ನೋಡಿದರು. ಮರಿಗಳು ಹುಟ್ಟುವ ವಾರ, ಅವುಗಳ ಆಹಾರವಾದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸಣ್ಣ ಜೀವಿಗಳು) ತುಂಬಿಕೊಳ್ಳುವ ವಾರ, ಎರಡೂ ಕೂಡಿಬಂದರೆ ಒಳ್ಳೆಯ ವರ್ಷ.

ಇಲ್ಲಿ ತಾಪಮಾನ ಹೇಗೆ ಬರುತ್ತದೆ ನೋಡಿ. ನೀರು ಬೆಚ್ಚಗಾದಷ್ಟೂ ಮೊಟ್ಟೆ ಬೇಗ ಒಡೆಯುತ್ತದೆ. ಅಟ್ಲಾಂಟಿಕ್ ಹೆರಿಂಗ್ ಮೊಟ್ಟೆ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತು ಹನ್ನೆರಡು ದಿನಕ್ಕೆ ಒಡೆದರೆ, 5 ಡಿಗ್ರಿಯಲ್ಲಿ ಮೂರು ವಾರವಾದರೂ ಬೇಕು. ಆದರೆ ವಸಂತದಲ್ಲಿ ಪ್ಲಾಂಕ್ಟನ್ ಏಳುವುದು ಬರೀ ಬಿಸಿಯನ್ನು ನಂಬಿಕೊಂಡಲ್ಲ, ಬೆಳಕೂ ಬೇಕು. ಸೂರ್ಯನ ಕ್ಯಾಲೆಂಡರ್ ಬದಲಾಗುವುದಿಲ್ಲವಲ್ಲ. ಮರಿ ಮುಂಚೆ ಬಂತು, ಊಟ ಇನ್ನೂ ಬಂದಿಲ್ಲ, ಅಷ್ಟೇ ಕಥೆ.

ಆಹಾರ ಇದ್ದರೂ ಸಾಲದು, ಅದರಲ್ಲಿ ಸತ್ವ ಇರಬೇಕು. ಬೇರಿಂಗ್ ಸಮುದ್ರದ ಪೊಲಾಕ್ ಮೀನಿನ ಉದಾಹರಣೆ ನನಗೆ ತುಂಬಾ ಇಷ್ಟ, ಯಾಕೆಂದರೆ ಅಲ್ಲಿ ವಿಜ್ಞಾನಿಗಳು ಮೊದಲು ಅಂದುಕೊಂಡದ್ದು ಉಲ್ಟಾ ಹೊಡೆಯಿತು. ಬೆಚ್ಚಗಿನ ವರ್ಷಗಳು ಪೊಲಾಕ್‌ಗೆ ಒಳ್ಳೆಯದು ಅನ್ನುವ ಅಂದಾಜಿತ್ತು. 2001ರಿಂದ 2005ರವರೆಗೆ ಸಾಲಾಗಿ ಬೆಚ್ಚಗಿನ ವರ್ಷಗಳೇ ಬಂದವು. ಬೇಸಿಗೆಯಲ್ಲಿ ಮರಿಗಳು ಯಥೇಚ್ಛವಾಗಿ ಕಾಣಿಸಿಕೊಂಡವು ಕೂಡ. ಆದರೆ ಬಿಸಿ ನೀರಿನಲ್ಲಿ ಕೊಬ್ಬು ತುಂಬಿದ ದೊಡ್ಡ ಪ್ಲಾಂಕ್ಟನ್ ಕಡಿಮೆಯಾಗಿದ್ದರಿಂದ ಮರಿಗಳು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳದೆ ಚಳಿಗಾಲಕ್ಕೆ ಹೋದವು, ಬಹಳಷ್ಟು ವಾಪಸ್ ಬರಲಿಲ್ಲ. ಅಂದರೆ ಒಂದೇ ಬಿಸಿ ಒಂದು ಹಂತದಲ್ಲಿ ಕೈಹಿಡಿದು ಮುಂದಿನ ಹಂತದಲ್ಲಿ ಕೈಬಿಟ್ಟಿತು. ಬೇಸಿಗೆಯ ಮರಿಗಳನ್ನು ಎಣಿಸಿ ಖುಷಿಪಟ್ಟು ಕೋಟಾ, ಅಂದರೆ ಹಿಡಿಯಬಹುದಾದ ಮೀನಿನ ಮಿತಿ, ಹೆಚ್ಚಿಸಿದ್ದರೆ?

ಇನ್ನು ಪೆರುವಿನ ಆಂಚೊವೆಟಾ. ಅಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುವುದೇ ಮೀನುಗಾರಿಕೆಯ ಜೀವಾಳ. ಎಲ್ ನಿನೊ ಬಂದಾಗ ಬೆಚ್ಚಗಿನ ನೀರಿನ ದಪ್ಪ ಪದರ ಮೇಲೆ ಕೂತುಬಿಡುತ್ತದೆ. ಆಗ ಥರ್ಮಾಮೀಟರ್ ತೋರಿಸುವ ಬಿಸಿ ಬರೀ ಲಕ್ಷಣ, ಮೀನಿಗೆ ಹೊಡೆತ ಬೀಳುವುದು ಹೆಚ್ಚಾಗಿ ಆಹಾರ ನಿಂತುಹೋಗುವುದರಿಂದ. 1970ರಲ್ಲಿ 1.2 ಕೋಟಿ ಟನ್ ದಾಟಿದ್ದ ಹಿಡಿತ, 1972ರ ಎಲ್ ನಿನೊ ಬಂದು ಹೋದ ಮೇಲೆ 1973ರಲ್ಲಿ ಸುಮಾರು 20 ಲಕ್ಷ ಟನ್ನಿಗೆ ಬಿತ್ತು. ಮಿತಿಮೀರಿ ಹಿಡಿದದ್ದೂ ಅದಕ್ಕೆ ಸೇರಿತ್ತು. ಎಲ್ಲವನ್ನೂ ಸಮುದ್ರದ ತಲೆಗೆ ಕಟ್ಟಬೇಡಿ.

ಮೀನಿನ ಕ್ಯಾಲೆಂಡರ್ ಬರೆಯಿರಿ

ಕೆಲಸ ಶುರುವಾಗುವುದು ಡೇಟಾ ಡೌನ್‌ಲೋಡ್ ಮಾಡುವುದರಿಂದ ಅಲ್ಲ. ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಮೀನು ಯಾವ ತಿಂಗಳಲ್ಲಿ ಮೊಟ್ಟೆ ಇಡುತ್ತದೆ, ಎಲ್ಲಿ, ಎಷ್ಟು ಆಳದಲ್ಲಿ? ಮೊಟ್ಟೆ ತೇಲುತ್ತದಾ, ತಳಕ್ಕೆ ಅಂಟುತ್ತದಾ? ಲಾರ್ವಾ (ಮೊಟ್ಟೆಯಿಂದ ಆಗಷ್ಟೇ ಹೊರಬಂದ ಎಳೆಮರಿ) ಎಷ್ಟು ವಾರ ಮೇಲ್ನೀರಿನಲ್ಲಿ ಇರುತ್ತದೆ? ಮರಿ ಎಲ್ಲಿ ಬೆಳೆಯುತ್ತದೆ? ಮೊದಲ ಚಳಿಗಾಲ ಎಲ್ಲಿ ಕಳೆಯುತ್ತದೆ? ಪ್ರತಿ ಹಂತದ ಎದುರು ಜಾಗ, ಆಳ, ತಿಂಗಳು ಬರೆಯಿರಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿ. ಮರಿಗಳ ಕಿವಿಕಲ್ಲು (ಕಿವಿಯೊಳಗಿನ ಕಲ್ಲಿನಂಥ ಚೂರು) ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ದಿನಕ್ಕೊಂದರಂತೆ ಉಂಗುರ ಮೂಡುತ್ತದೆ. ಹಿಡಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಹುಟ್ಟಿದ ವಾರವೇ ಸಿಗುತ್ತದೆ.

ಈ ಹಾಳೆಯಲ್ಲಿ ಮೊಟ್ಟೆ ಮತ್ತು ಮೊಟ್ಟೆ ಇಡುವ ಮೀನಿನ ಸಾಲುಗಳಿಗೆ ಕೆಂಪು ಗುರುತು ಹಾಕಿ. 2020ರಲ್ಲಿ ಸುಮಾರು 700 ಜಾತಿಗಳನ್ನು ಒಟ್ಟಿಗೆ ನೋಡಿದ ಒಂದು ಅಧ್ಯಯನ ಪ್ರಕಟವಾಯಿತು. ಭ್ರೂಣಗಳೂ ಮೊಟ್ಟೆ ಇಡುವ ಹಂತದ ಮೀನುಗಳೂ ಸಹಿಸಿಕೊಳ್ಳುವ ತಾಪಮಾನದ ಅಂತರ, ಲಾರ್ವಾ ಮತ್ತು ಉಳಿದ ದೊಡ್ಡ ಮೀನುಗಳಿಗಿಂತ ತೀರಾ ಕಿರಿದು ಅಂತ ಅದರಲ್ಲಿ ಕಂಡುಬಂತು. ದೊಡ್ಡ ಮೀನು ಆರಾಮಾಗಿ ಈಜುತ್ತಿದೆ ಅಂದಮಾತ್ರಕ್ಕೆ ಅದರ ಮೊಟ್ಟೆಯೂ ಆರಾಮಾಗಿದೆ ಅಂತಲ್ಲ. ಅಲಾಸ್ಕಾ ಕೊಲ್ಲಿಯ ಪೆಸಿಫಿಕ್ ಕಾಡ್ ಇದಕ್ಕೆ ಸಾಕ್ಷಿ. ಅದರ ಮೊಟ್ಟೆ ಚೆನ್ನಾಗಿ ಒಡೆಯುವುದು ಸುಮಾರು 3ರಿಂದ 6 ಡಿಗ್ರಿಯಲ್ಲಿ, ಅದೂ ತಳದಲ್ಲಿ. 2014ರಿಂದ 2016ರವರೆಗೆ ಅಲ್ಲಿ ಭಾರೀ ಬಿಸಿ ಅಲೆ ಕೂತಿತ್ತು. ಮೊಟ್ಟೆಗೆ ಒಗ್ಗುವ ಜಾಗ ಕುಗ್ಗಿತು, ದೊಡ್ಡ ಮೀನುಗಳ ಹಸಿವು ಹೆಚ್ಚಿತು, ತಿನ್ನಲು ಸಿಗುವುದು ಕಡಿಮೆಯಾಯಿತು. 2017ರ ಸರ್ವೆಯಲ್ಲಿ ಕುಸಿತ ಕಂಡಿತು, 2018ಕ್ಕೆ ಕೋಟಾವನ್ನು ಸುಮಾರು 80% ಇಳಿಸಿದರು, 2020ರಲ್ಲಿ ಅಮೆರಿಕದ ಫೆಡರಲ್ ನೀರಿನಲ್ಲಿ ಆ ಮೀನುಗಾರಿಕೆಯನ್ನೇ ಮುಚ್ಚಿದರು.

ಯಾವ ತಾಪಮಾನ?

ಹಾಳೆ ತುಂಬಿದ ಮೇಲೆ ಈ ಪ್ರಶ್ನೆಗೆ ಉತ್ತರ ತಾನಾಗೇ ಸಿಗುತ್ತದೆ. ಸುಮ್ನೆ ಇಡೀ ಸಮುದ್ರದ ವಾರ್ಷಿಕ ಸರಾಸರಿ ಮೇಲ್ಮೈ ತಾಪಮಾನ ತಂದು ಹಾಕುವವರೇ ಜಾಸ್ತಿ, ಯಾಕೆಂದರೆ ಅದು ಸುಲಭವಾಗಿ ಸಿಗುತ್ತದೆ. 150 ಮೀಟರ್ ಆಳದಲ್ಲಿ ಮಾರ್ಚ್ ತಿಂಗಳಲ್ಲಿ ಇಟ್ಟ ಮೊಟ್ಟೆಗೆ ಆಗಸ್ಟ್‌ನ ಮೇಲ್ನೀರು ಎಷ್ಟು ಬಿಸಿ ಅನ್ನುವುದು ಗೊತ್ತಾಗಿ ಏನಾಗಬೇಕು?

ಉಚಿತವಾಗಿ ಸಿಗುವ ಮೂಲಗಳು ಸಾಕಷ್ಟಿವೆ. ಅಮೆರಿಕದ ನೋವಾ ಸಂಸ್ಥೆಯ ಒಐಎಸ್‌ಎಸ್‌ಟಿ ಮೇಲ್ಮೈ ತಾಪಮಾನದ ದಿನಕ್ಕೊಂದು ನಕ್ಷೆ ಕೊಡುತ್ತದೆ, ಅಕ್ಷಾಂಶ-ರೇಖಾಂಶದ ಕಾಲು ಡಿಗ್ರಿ ಚೌಕಗಳಲ್ಲಿ, 1981ರಿಂದ. ಅವರದೇ ಇಆರ್‌ಎಸ್‌ಎಸ್‌ಟಿ 1854ರಷ್ಟು ಹಿಂದಕ್ಕೆ ಹೋಗುತ್ತದೆ, ಆದರೆ ಅದು ತಿಂಗಳ ಸರಾಸರಿ, ಚೌಕವೂ 2 ಡಿಗ್ರಿ, ಕರಾವಳಿಯ ಸೂಕ್ಷ್ಮ ಅದರಲ್ಲಿ ಕಾಣುವುದಿಲ್ಲ. ಆಳದ ನೀರು ಬೇಕಾದರೆ ಯುರೋಪಿನ ಕೊಪರ್ನಿಕಸ್ ಮರೀನ್ ತಾಣದಲ್ಲಿ 1993ರಿಂದ ಈಚೆಗಿನ ಮರುವಿಶ್ಲೇಷಣೆ (ಅಳತೆಗಳನ್ನೂ ಕಂಪ್ಯೂಟರ್ ಮಾಡೆಲನ್ನೂ ಕೂಡಿಸಿ ಕಟ್ಟಿದ ಅಂದಾಜು) ಸಿಗುತ್ತದೆ. ಆರ್ಗೊ ತೇಲುಯಂತ್ರಗಳು 2000 ಮೀಟರ್‌ವರೆಗೆ ಅಳೆಯುತ್ತವೆ ನಿಜ, ಆದರೆ ಅವು ತೆರೆದ ಸಮುದ್ರದವು, ಕಡಿಮೆ ಆಳದ ಕರಾವಳಿಗೆ ಅಷ್ಟು ಉಪಯೋಗವಿಲ್ಲ. ಸರ್ವೆ ಹಡಗು ಇಳಿಸಿದ ಥರ್ಮಾಮೀಟರಿನ ಹಳೆಯ ದಾಖಲೆ ಇದ್ದರೆ ಅದಕ್ಕೆ ಸಮ ಇನ್ನೊಂದಿಲ್ಲ. ಅಭ್ಯಾಸಕ್ಕೆ ಮೀನಿನ ಅಂಕಿ ಬೇಕಾದರೆ ರ‍್ಯಾಮ್ ಲೆಗಸಿ ಅನ್ನುವ ಡೇಟಾಬೇಸ್ ನೋಡಿ, ಪ್ರಪಂಚದ ನೂರಾರು ಸ್ಟಾಕ್‌ಗಳ ಲೆಕ್ಕ ಅಲ್ಲಿದೆ.

ತಂದ ತಾಪಮಾನವನ್ನು ಹಾಗೇ ಬಳಸಬೇಡಿ. ಆ ಜಾಗದ, ಆ ತಿಂಗಳುಗಳ ದೀರ್ಘಕಾಲದ ಸರಾಸರಿಯನ್ನು ಕಳೆದು, ಎಷ್ಟು ಹೆಚ್ಚು ಎಷ್ಟು ಕಡಿಮೆ ಅನ್ನುವ ವ್ಯತ್ಯಾಸವನ್ನಷ್ಟೇ ಇಟ್ಟುಕೊಳ್ಳಿ.

ಟೇಬಲ್ ಕಟ್ಟುವುದು

ನಾಲ್ಕು ಕಾಲಂ ಸಾಕು: ಹುಟ್ಟಿದ ವರ್ಷ, ಆ ವರ್ಷ ಮೊಟ್ಟೆ ಇಟ್ಟ ಮೀನುಗಳ ಒಟ್ಟು ತೂಕ, ಆ ವರ್ಷದ ಸಂತತಿಯಿಂದ ಬಂದ ರಿಕ್ರೂಟ್‌ಗಳ ಸಂಖ್ಯೆ, ತಾಪಮಾನದ ವ್ಯತ್ಯಾಸ. ಇಲ್ಲಿ ಎಲ್ಲರೂ ಎಡವುವ ಒಂದು ಕಲ್ಲಿದೆ. ರಿಕ್ರೂಟ್‌ಗಳನ್ನು ಎಣಿಸುವುದು ಎರಡನೇ ವಯಸ್ಸಿನಲ್ಲಿ ಅಂದುಕೊಳ್ಳಿ. 2012ರ ಸಾಲಿನಲ್ಲಿ ಬರೆದಿರುವ ಸಂಖ್ಯೆ 2010ರಲ್ಲಿ ಹುಟ್ಟಿದ ಮೀನುಗಳದ್ದು. ಆ ಸಂಖ್ಯೆಯನ್ನು ಎರಡು ಸಾಲು ಮೇಲಕ್ಕೆ ತಳ್ಳಿ 2010ರ ತಾಯಿಮೀನು, 2010ರ ತಾಪಮಾನದ ಎದುರು ಕೂರಿಸಬೇಕು. ಮರೆತರೆ ಮುಂದಿನ ಕೆಲಸವೆಲ್ಲ ನೀರಲ್ಲಿ ಹೋಮ.

ಇನ್ನೊಂದು ವಿಷಯ. ಈ ಸಂಖ್ಯೆಗಳನ್ನು ಯಾರೂ ಕೈಯಲ್ಲಿ ಎಣಿಸಿದ್ದಲ್ಲ, ಸ್ಟಾಕ್ ಅಸೆಸ್‌ಮೆಂಟ್ ಮಾಡೆಲ್ (ಸ್ಟಾಕಿನಲ್ಲಿ ಎಷ್ಟು ಮೀನಿದೆ ಅಂತ ಲೆಕ್ಕ ಹಾಕುವ ಗಣಿತದ ಮಾದರಿ) ಕೊಟ್ಟ ಅಂದಾಜು. ಕೊನೆಯ ಎರಡು ಮೂರು ವರ್ಷಗಳ ಅಂದಾಜು ತೀರಾ ಅಲುಗಾಡುತ್ತಿರುತ್ತದೆ, ಅವನ್ನು ಕಿತ್ತುಹಾಕಿ. ಆ ಮಾಡೆಲ್ ಒಳಗೇ ತಾಪಮಾನವನ್ನು ಮೊದಲೇ ಬಳಸಿದ್ದಾರಾ ಅಂತಲೂ ನೋಡಿಕೊಳ್ಳಿ. ಬಳಸಿದ್ದರೆ ನೀವು ಹುಡುಕುವ ಸಂಬಂಧವನ್ನು ಅವರೇ ಒಳಗೆ ಇಟ್ಟಿರುತ್ತಾರೆ.

ಈಗ ರಿಕ್ರೂಟ್‌ಗಳನ್ನು ತಾಯಿಮೀನಿನ ತೂಕದಿಂದ ಭಾಗಿಸಿ ಲಾಗ್ ತೆಗೆಯಿರಿ. ಇದು ಬದುಕುಳಿಯುವಿಕೆಯ ಅಳತೆ. ಬರೀ ರಿಕ್ರೂಟ್ ಸಂಖ್ಯೆ ನೋಡಿದರೆ ತಾಯಿಮೀನು ಕಡಿಮೆಯಾಗಿದ್ದರಿಂದ ಮರಿ ಕಡಿಮೆಯಾಯಿತೋ, ಬಿಸಿಯಿಂದ ಕಡಿಮೆಯಾಯಿತೋ ಗೊತ್ತಾಗುವುದಿಲ್ಲ. ಬಿಲ್ ರಿಕರ್ 1954ರಲ್ಲಿ ಕೊಟ್ಟ ಸೂತ್ರವನ್ನು ಹೀಗೆ ಲಾಗ್ ರೂಪದಲ್ಲಿ ಬರೆದರೆ ಅದು ಸಾದಾ ಸರಳರೇಖೆ: ಒಂದು ಸ್ಥಿರಾಂಕ, ಅದರಿಂದ ತಾಯಿಮೀನಿನ ತೂಕಕ್ಕೆ ತಕ್ಕ ಕಡಿತ. ಅದಕ್ಕೆ ತಾಪಮಾನದ ಒಂದು ಪದ ಸೇರಿಸಿ. ಸ್ಪ್ರೆಡ್‌ಶೀಟಿನ ರಿಗ್ರೆಷನ್ ಇದನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿಕೊಡುತ್ತದೆ. ತಾಪಮಾನದ ವರ್ಗವನ್ನೂ (ಅದನ್ನು ಅದರಿಂದಲೇ ಗುಣಿಸಿದ ಸಂಖ್ಯೆ) ಸೇರಿಸಿ ಒಮ್ಮೆ ನೋಡಿ, ಯಾಕೆಂದರೆ ಮೀನಿಗೆ ತಣ್ಣಗೂ ಆಗದು, ಸುಡಲೂ ಬಾರದು, ಮಧ್ಯದಲ್ಲಿ ಒಂದು ಹಿತವಾದ ಜಾಗ ಇರುತ್ತದೆ. ಹಿಂದೆಂದೂ ಕಾಣದಷ್ಟು ಬಿಸಿ ಬಂದಾಗ ಮಾತ್ರ ಆ ಗೆರೆಯನ್ನು ಮುಂದಕ್ಕೆ ಎಳೆದು ಭವಿಷ್ಯ ಹೇಳಲು ಹೋಗಬೇಡಿ.

ಸಿಕ್ಕ ಸಂಬಂಧವನ್ನು ನಂಬದಿರುವುದು

ಹನ್ನೆರಡು ತಿಂಗಳು, ಮೂರು ಆಳ, ನಾಲ್ಕು ಜಾಗ ಅಂತ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿದರೆ 144 ಪರೀಕ್ಷೆಗಳಾದವು. ಯಾವ ಸಂಬಂಧವೂ ಇಲ್ಲದಿದ್ದರೂ 5% ಮಟ್ಟದಲ್ಲಿ ಸುಮಾರು ಏಳು ಕಡೆ 'ಸಂಬಂಧ ಇದೆ' ಅಂತ ಬರುತ್ತದೆ. ಅದರಲ್ಲಿ ಚೆಂದದ್ದನ್ನು ಆರಿಸಿ, ಆಮೇಲೆ ಅದಕ್ಕೊಂದು ಕಥೆ ಹೊಸೆಯುವುದು ಈ ಕ್ಷೇತ್ರದ ಹಳೇ ಚಾಳಿ. ಕ್ಯಾಲೆಂಡರ್ ಹಾಳೆ ಮೊದಲು ಬರೆಯಿರಿ ಅಂದಿದ್ದು ಅದಕ್ಕೇ. ಹಾಳೆ ಹೇಳಿದ ಒಂದೆರಡು ತಾಪಮಾನಗಳನ್ನು ಮಾತ್ರ ಪರೀಕ್ಷಿಸಿ.

ಎರಡನೇ ಬಲೆ, ಎರಡೂ ಸಾಲುಗಳು ಒಂದೇ ದಿಕ್ಕಿನಲ್ಲಿ ನಿಧಾನವಾಗಿ ಸಾಗುವುದು. ಸಮುದ್ರ ವರ್ಷ ವರ್ಷ ಬಿಸಿಯಾಗುತ್ತಿದೆ, ನಿಮ್ಮ ಮೀನು ವರ್ಷ ವರ್ಷ ಕಡಿಮೆಯಾಗುತ್ತಿದೆ. ಅದೇ ಅವಧಿಯಲ್ಲಿ ದೋಣಿಗಳ ಎಂಜಿನ್ ಶಕ್ತಿಯೂ ಹೆಚ್ಚಿದೆ, ಅದಕ್ಕೂ ಇಷ್ಟೇ ಒಳ್ಳೆಯ ಗ್ರಾಫ್ ಬರುತ್ತದೆ! ಪ್ರತಿ ವರ್ಷದ ಅಂಕಿಯಿಂದ ಹಿಂದಿನ ವರ್ಷದ ಅಂಕಿ ಕಳೆದು, ಆ ಏರಿಳಿತಗಳ ನಡುವೆ ಸಂಬಂಧ ಉಳಿಯುತ್ತದಾ ನೋಡಿ. ಉಳಿಯದಿದ್ದರೆ ಅನುಮಾನಪಡಲು ಅದೇ ಸಾಕು.

ಕೊನೆಗೆ, ಕೊನೆಯ ಹತ್ತು ವರ್ಷಗಳನ್ನು ಬಚ್ಚಿಟ್ಟು ಉಳಿದ ವರ್ಷಗಳಿಂದ ಮಾಡೆಲ್ ಕಟ್ಟಿ, ಬಚ್ಚಿಟ್ಟಿದ್ದನ್ನು ಊಹಿಸಿ. 'ಕಳೆದ ಐದು ವರ್ಷದ ಸರಾಸರಿಯೇ ಮುಂದಿನ ವರ್ಷವೂ' ಅನ್ನುವ ಪೆದ್ದು ಊಹೆಗಿಂತ ನಿಮ್ಮದು ಚೆನ್ನಾಗಿಲ್ಲದಿದ್ದರೆ ತಾಪಮಾನವನ್ನು ಬಿಟ್ಟುಬಿಡಿ, ಬೇಜಾರು ಬೇಡ. ಕೆನಡಾದ ರ‍್ಯಾನ್ಸಮ್ ಮೈಯರ್ಸ್ 1998ರಲ್ಲಿ ಅಲ್ಲಿಯವರೆಗೆ ಪ್ರಕಟವಾಗಿದ್ದ ಇಂಥ ಸಂಬಂಧಗಳನ್ನು ಹೊಸ ಅಂಕಿಗಳ ಮೇಲೆ ಒರೆಹಚ್ಚಿ ನೋಡಿದಾಗ ಹೆಚ್ಚಿನವು ನಿಲ್ಲಲಿಲ್ಲ. ನಿಂತವುಗಳಲ್ಲಿ ಬಹುಪಾಲು ಆಯಾ ಜಾತಿಯ ಪ್ರದೇಶದ ಅಂಚಿನವು, ಶುರುವಿನಲ್ಲಿ ಹೇಳಿದ ಕಾಡ್ ಮೀನಿನ ಹಾಗೆ. ನಿಮ್ಮ ಸ್ಟಾಕ್ ಪ್ರದೇಶದ ನಡುಮಧ್ಯದಲ್ಲಿದ್ದರೆ ನಿರೀಕ್ಷೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ.

ಕ್ಯಾಲಿಫೋರ್ನಿಯಾ ಸಾರ್ಡೀನ್: ನಿಯಮ ಬರೆದು ನೋಡಿದವರ ಕಥೆ

ತಾಪಮಾನವನ್ನು ನೇರವಾಗಿ ಕೋಟಾ ಸೂತ್ರದೊಳಗೆ ಸೇರಿಸಿದ ಉದಾಹರಣೆಗಳು ಬಹಳ ಕಡಿಮೆ. ಅದರಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಸಾರ್ಡೀನ್. 1990ರ ದಶಕದ ಕೊನೆಗೆ ರೂಪಿಸಿದ ಸೂತ್ರ ಹೀಗಿತ್ತು: ಅಂದಾಜು ಮಾಡಿದ ಒಟ್ಟು ಮೀನಿನಿಂದ 1,50,000 ಟನ್ ಮುಟ್ಟಬಾರದ ಭಾಗವಾಗಿ ಕಳೆಯಬೇಕು. ಉಳಿದದ್ದರಲ್ಲಿ 5%ರಿಂದ 15%ರವರೆಗೆ ಹಿಡಿಯಬಹುದು. ಎಷ್ಟು ಅನ್ನುವುದನ್ನು ಹೇಳುವುದು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ, ಸಮುದ್ರದೊಳಕ್ಕೆ ಚಾಚಿದ ಕಟ್ಟೆಯಲ್ಲಿ ಅಳೆದ ಮೂರು ವರ್ಷದ ಸರಾಸರಿ ತಾಪಮಾನ. ಬಿಸಿ ಇದ್ದರೆ ಹೆಚ್ಚು, ತಂಪಿದ್ದರೆ ಕಡಿಮೆ, ಯಾಕೆಂದರೆ ಆ ಸಾರ್ಡೀನ್ ಬಿಸಿ ನೀರಿನಲ್ಲಿ ಚೆನ್ನಾಗಿ ಮರಿ ಕೊಡುತ್ತದೆ ಅನ್ನುವ ಲೆಕ್ಕ. ಕೊನೆಗೆ ಅಮೆರಿಕದ ಪಾಲೆಂದು 0.87ರಿಂದ ಗುಣಿಸಬೇಕು.

ಲೆಕ್ಕ ಹಾಕಿ ನೋಡೋಣ. ಒಟ್ಟು ಮೀನು 4,00,000 ಟನ್ ಇದೆ ಅನ್ನಿ. ಕಳೆದರೆ 2,50,000. ಬಿಸಿ ವರ್ಷಗಳಲ್ಲಿ 15%, ಅಂದರೆ 37,500, ಅದಕ್ಕೆ 0.87 ಗುಣಿಸಿದರೆ 32,625 ಟನ್. ತಂಪು ವರ್ಷಗಳಲ್ಲಿ 5% ಹಿಡಿದರೆ 10,875 ಟನ್. ಮೀನು ಅಷ್ಟೇ ಇದೆ, ಥರ್ಮಾಮೀಟರ್ ಮಾತ್ರ ಬದಲು, ಕೋಟಾ ಮೂರರಲ್ಲೊಂದು. ಒಟ್ಟು ಮೀನು 1,50,000ಕ್ಕಿಂತ ಕೆಳಗಿಳಿದರೆ ಬಿಸಿ ಎಷ್ಟೇ ಇರಲಿ, ಕೋಟಾ ಸೊನ್ನೆ.

2010ರಲ್ಲಿ ಒಂದು ಮರುಪರಿಶೀಲನೆ ಬಂತು. ಹೊಸ ವರ್ಷಗಳನ್ನು ಸೇರಿಸಿ ನೋಡಿದರೆ ಆ ಕಟ್ಟೆಯ ತಾಪಮಾನಕ್ಕೂ ಮರಿಗಳಿಗೂ ಸಂಬಂಧವೇ ನಿಲ್ಲುತ್ತಿಲ್ಲ! ಮುಂದೆ 2013ರಲ್ಲಿ ಇನ್ನೊಂದು ಅಧ್ಯಯನ, ಕಟ್ಟೆಯ ಬದಲು ಸಾರ್ಡೀನ್ ನಿಜವಾಗಿ ಮೊಟ್ಟೆ ಇಡುವ ಹೊರಸಮುದ್ರದಲ್ಲಿ ಕ್ಯಾಲ್‌ಕೋಫಿ (ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಹಡಗುಗಳಿಂದ ನಡೆಸುವ ಸರ್ವೆ) ಅಳೆದ ತಾಪಮಾನ ಬಳಸಿದರೆ ಸಂಬಂಧ ಇದೆ ಅಂದಿತು. 2014ರಲ್ಲಿ ಸೂತ್ರವನ್ನು ಅದಕ್ಕೆ ಬದಲಿಸಿದರು. 2015ರಲ್ಲಿ ಮೀನು ತಳಕಂಡು ದೊಡ್ಡ ಪ್ರಮಾಣದ ಮೀನುಗಾರಿಕೆಯೇ ಮುಚ್ಚಿತು. ಇದರಿಂದ ತಾಪಮಾನದ ನಿಯಮವೇ ದಂಡ ಅಂತ ನಾನು ಹೇಳುವುದಿಲ್ಲ. ನನ್ನ ಕಣ್ಣಿಗೆ ಆ ಸೂತ್ರದ ಅತ್ಯಂತ ಬೆಲೆಬಾಳುವ ಭಾಗ ತಾಪಮಾನವಲ್ಲ, ಮುಟ್ಟಬಾರದ ಆ 1,50,000 ಟನ್. ಥರ್ಮಾಮೀಟರ್ ತಪ್ಪಿದರೂ ಅದು ಕಾಯುತ್ತದೆ.

ಮ್ಯಾನೇಜ್‌ಮೆಂಟಿನಲ್ಲಿ ಎಲ್ಲಿ ಬಳಸುವುದು

ಸೂತ್ರಕ್ಕೇ ಕೈಹಾಕಬೇಕೆಂದಿಲ್ಲ. ಕಡಿಮೆ ಅಪಾಯದ ದಾರಿಗಳಿವೆ. ಅಲಾಸ್ಕಾದಲ್ಲಿ ಕೋಟಾ ನಿರ್ಧರಿಸುವಾಗ ಮಾಡೆಲ್ ಕೊಟ್ಟ ಸಂಖ್ಯೆಯ ಜೊತೆಗೆ ಒಂದು ರಿಸ್ಕ್ ಟೇಬಲ್ ಇಡುತ್ತಾರೆ. ನೀರು ಎಷ್ಟು ಬಿಸಿ, ಮೀನು ಎಷ್ಟು ಬಡಕಲು, ಆಹಾರ ಹೇಗಿದೆ ಅಂತ ಅದರಲ್ಲಿ ಮಟ್ಟ ಗುರುತಿಸಿ, ಕಾಳಜಿ ಹೆಚ್ಚಿದ್ದರೆ ಮಾಡೆಲ್ ಹೇಳಿದ್ದಕ್ಕಿಂತ ಕೆಳಗೆ ಇಳಿಸಲು ಅವಕಾಶ ಇದೆ. ಸಂಬಂಧದ ಅಂಕಿ ಗಟ್ಟಿ ಇಲ್ಲದಿದ್ದಾಗ ಇದೇ ಒಳ್ಳೆಯ ದಾರಿ.

ಹಂಗಾಮಿನ ದಿನಾಂಕ ಇನ್ನೊಂದು. ಮೊಟ್ಟೆ ಇಡುವ ವಾರ ಮುಂದೆ ಹಿಂದೆ ಆಗುತ್ತಿದ್ದರೆ ನಿಷೇಧದ ತಾರೀಖು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ಇರಬಾರದು. ಪೆರುವಿನಲ್ಲಿ ಪ್ರತಿ ಹಂಗಾಮಿಗೆ ಮೊದಲು ಸರ್ವೆ ಮಾಡುತ್ತಾರೆ. 2023ರಲ್ಲಿ ಬಿಸಿ ನೀರು ಬಂದು ಸಿಗುತ್ತಿದ್ದದ್ದೆಲ್ಲ ಮರಿಗಳೇ ಆದಾಗ ಉತ್ತರ-ಮಧ್ಯ ವಲಯದ ಮೊದಲ ಹಂಗಾಮನ್ನೇ ರದ್ದು ಮಾಡಿದರು.

ಬಿಸಿ ಅಲೆಗೆ ಒಂದು ಎಚ್ಚರಿಕೆಯ ಗಂಟೆ ಕಟ್ಟಿಡಿ. ಆ ಜಾಗದ, ಆ ದಿನದ ಮಾಮೂಲು ತಾಪಮಾನದ 90ನೇ ಶೇಕಡಾಂಕವನ್ನು (ನೂರು ಅಳತೆಗಳಲ್ಲಿ ತೊಂಬತ್ತು ಇದಕ್ಕಿಂತ ಕೆಳಗಿರುವ ಮಟ್ಟ) ದಾಟಿ ಐದು ದಿನಕ್ಕಿಂತ ಕಡಿಮೆಯಿಲ್ಲದೆ ನಿಂತರೆ ಅದನ್ನು ಸಮುದ್ರದ ಬಿಸಿ ಅಲೆ ಅನ್ನುತ್ತಾರೆ. ಗಂಟೆ ಹೊಡೆದ ಕೂಡಲೇ ಕೋಟಾ ಕತ್ತರಿಸಬೇಕಿಲ್ಲ. ಒಂದು ಹೆಚ್ಚುವರಿ ಸರ್ವೆ ಮಾಡಿಸಿ, ಮೀನಿನ ತೂಕ ನೋಡಿಸಿ. ಬೇರಿಂಗ್ ಸಮುದ್ರದಲ್ಲಿ 2018-19ರ ಬಿಸಿಯ ನಂತರ ಸ್ನೋ ಏಡಿಗಳು ಕೋಟಿಗಟ್ಟಲೆ ಕಾಣೆಯಾದವು, 2022ರಲ್ಲಿ ಆ ಹಂಗಾಮು ಮೊದಲ ಬಾರಿಗೆ ಮುಚ್ಚಿತು. ಅಲ್ಲಿ 2020ರ ಸರ್ವೆ ಕೋವಿಡ್‌ನಿಂದ ನಡೆದಿರಲಿಲ್ಲ. ಬೇಕಾದ ವರ್ಷವೇ ಕಣ್ಣು ಮುಚ್ಚಿಹೋಗಿತ್ತು.

ತೀರಾ ಹುಷಾರಾಗಿ ಮುಟ್ಟಬೇಕಾದದ್ದು ಗುರಿಯ ಮಟ್ಟ, ಅಂದರೆ ಸಮುದ್ರದಲ್ಲಿ ಎಷ್ಟು ಮೀನು ಉಳಿದಿರಬೇಕು ಅಂತ ಇಟ್ಟುಕೊಂಡ ಲೆಕ್ಕ. 'ಈಗ ಸಮುದ್ರ ಬಿಸಿ, ಮೊದಲಿನಷ್ಟು ಮೀನು ಇನ್ನು ಬರುವುದಿಲ್ಲ, ಹಾಗಾಗಿ ಗುರಿಯನ್ನೇ ಇಳಿಸೋಣ' ಅನ್ನುವ ವಾದ ಕೇಳಲು ಸರಿಯಾಗಿದೆ. ಆದರೆ ಗುರಿ ಇಳಿಸಿದ ತಕ್ಷಣ ಅಷ್ಟೇ ಮೀನು 'ಸುಸ್ಥಿತಿಯಲ್ಲಿದೆ' ಅನ್ನಿಸಿಕೊಂಡು ಹಿಡಿಯುವ ಒತ್ತಡ ಹಾಗೇ ಉಳಿಯುತ್ತದೆ. ಉತ್ಪಾದನೆ ಇಳಿದಿದೆ ಅಂತ ನಂಬುವುದಾದರೆ ಹಿಡಿಯುವ ಪ್ರಮಾಣವನ್ನೂ ಇಳಿಸಬೇಕು. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವ ಹಾಗಿಲ್ಲ. ಬದಲಾವಣೆ ಮೇಲಕ್ಕಾದರೆ ನಿಧಾನ, ಕೆಳಕ್ಕಾದರೆ ಬೇಗ ಅನ್ನುವ ನಿಯಮ ಇಟ್ಟುಕೊಳ್ಳಿ.

ದೊಡ್ಡ, ವಯಸ್ಸಾದ ಹೆಣ್ಣು ಮೀನುಗಳನ್ನು ಉಳಿಸುವುದೂ ತಾಪಮಾನದ ನಿರ್ವಹಣೆಯೇ, ಯಾರೂ ಹಾಗೆ ಕರೆಯುವುದಿಲ್ಲ ಅಷ್ಟೇ. ಹಲವು ಜಾತಿಗಳಲ್ಲಿ ಅವು ಕಿರಿಯ ಮೀನುಗಳಿಗಿಂತ ಬೇರೆ ವಾರಗಳಲ್ಲಿ, ಹೆಚ್ಚು ದಿನ ಮೊಟ್ಟೆ ಇಡುತ್ತವೆ. ಒಂದು ವಾರದ ನೀರು ಕೈಕೊಟ್ಟರೂ ಇನ್ನೊಂದು ವಾರದ ಮರಿಗಳಿಗೆ ಊಟ ಸಿಗಬಹುದು. ಎಲ್ಲ ಮೀನೂ ಒಂದೇ ವಯಸ್ಸಿನವಾದ ಸ್ಟಾಕಿಗೆ ಈ ಆಸರೆ ಇರುವುದಿಲ್ಲ.

ಹೊಸ ನಿಯಮವನ್ನು ಜಾರಿ ಮಾಡುವ ಮೊದಲು ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ತಾಪಮಾನದ ಸಂಬಂಧ ನಿಜವಾಗಿದ್ದು ನೀವು ಬಳಸಿದರೆ ಏನಾಗುತ್ತದೆ, ಸುಳ್ಳಾಗಿದ್ದು ಬಳಸಿದರೆ ಏನಾಗುತ್ತದೆ, ನಿಜವಾಗಿದ್ದೂ ಬಳಸದಿದ್ದರೆ ಏನಾಗುತ್ತದೆ, ಈ ಮೂರನ್ನೂ ಐವತ್ತು ವರ್ಷಗಳಷ್ಟು ಮುಂದಕ್ಕೆ ಸಾವಿರ ಸಲ ಓಡಿಸಿ. ಎರಡನೆಯದರಲ್ಲಿ ಸ್ಟಾಕ್ ಮುಳುಗುತ್ತಿದ್ದರೆ ಆ ನಿಯಮ ಬೇಡ. ಪಾಸಾದರೆ ಜಾರಿಗೆ ತನ್ನಿ, ಆದರೆ ಎಷ್ಟು ವರ್ಷಕ್ಕೊಮ್ಮೆ ಸಂಬಂಧವನ್ನು ಮರುಪರೀಕ್ಷೆ ಮಾಡಬೇಕು, ಯಾವ ಅಂಕಿ ಬಂದರೆ ತಾಪಮಾನದ ಪದವನ್ನು ಕಿತ್ತುಹಾಕಬೇಕು ಅನ್ನುವುದನ್ನು ಅದೇ ಕಾಗದದಲ್ಲಿ, ಸಹಿ ಬೀಳುವ ಮೊದಲೇ ಬರೆಸಿಕೊಳ್ಳಿ.